ಬುಗ್ಗಿಯ ಬಾಜೂಕ ಬೀಗತನ

ಬೇಸಿಗೆ ಬಂತೆಂದರೆ ನಮ್ಮ ಮನೆಯ ಮಾಳಿಗೆಯ ಮೇಲೆ ಶಾವಿಗೆ ಒಣಗುವುದು ಒಂದು ಟೆಂಟಿನ ಮೇಲೆ. ನೀಲಿ ಬಣ್ಣದ ಟೆಂಟು. ಅದರ ಕಡ್ಡಿಗಳನ್ನು ನನ್ನ ಹೆಂಡತಿ ಸುಮಾ ಹಿತ್ತಲಿನ ಟೊಮೇಟೊ ಗಿಡಗಳಿಗೆ ಆಸರೆಯಾಗಿ ಕೊಟ್ಟಿದ್ದಾಳೆ. ಉಳಿದ ಬಟ್ಟೆಯನ್ನು ಹಾಸಿ ಮೂಲೆಗೊಂದು ಕಲ್ಲು ಇಡುತ್ತಾಳೆ. ಮೊನ್ನೆ ಬಾಜು ಮನೆಯವರು ಬಂದು, ತಾಡಪತ್ರಿ ಚಲೋ ಐತಿ, ಎಲ್ಲಿ ತಂದ್ರಿ ಎಂದು ಕೇಳಿದರು. ಇದು ತಾಡಪತ್ರಿಯಲ್ಲ, ಇದರಲ್ಲಿ ನನ್ನ ತಂಗಿಯ ಲಗ್ನ ಗೊತ್ತಾಯಿತು ಎಂದೆ. ಅವರು ಸ್ವಲ್ಪ ಹೊತ್ತು ಶಾವಿಗೆಯನ್ನು ನೋಡಿ ಮನೆಗೆ ಹೋದರು. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನೀವು ಹೇಗೂ ಕೂತಿದ್ದೀರಿ.

ನನ್ನ ತಂಗಿ ಗಿರಿಜಾ ಅಣ್ಣಿಗೇರಿ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ಎತ್ತರದ ಹೆಂಗಸು. ಚಿಕ್ಕವಳಿದ್ದಾಗ ಅಟ್ಟದ ಮೇಲಿನ ಡಬ್ಬಿ ತೆಗೆಯಲು ಅವಳನ್ನೇ ಕರೆಯುತ್ತಿದ್ದೆವು. ಅಣ್ಣನಾದ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಅವಳನ್ನು ನೋಡಲು ಬಂದ ವರಗಳೆಲ್ಲ ಜಮಖಾನೆಯ ಮೇಲೆ ಕೂತಿರುತ್ತಿದ್ದರು, ಅವಳು ಅವಲಕ್ಕಿಯ ತಟ್ಟೆ ಹಿಡಿದು ನಿಂತಿರುತ್ತಿದ್ದಳು. ಹೀಗಾಗಿ ಇದ್ದ ಎತ್ತರ ಇನ್ನಷ್ಟು ಕಾಣುತ್ತಿತ್ತು. ತಿಂದು ಹೋದವರು ಊರಿಗೆ ಹೋಗಿ ಹೇಳಿ ಕಳಿಸುತ್ತಿದ್ದರು. ಮೊದಮೊದಲು ಎತ್ತರದ ಮಾತು ಬರುತ್ತಿತ್ತು. ಆಮೇಲೆ ನೌಕರಿಯ ಮಾತು, ಆಮೇಲೆ ವಯಸ್ಸಿನ ಮಾತು. ನಮ್ಮ ಮನೆಯ ಅವಲಕ್ಕಿಗೆ ಮಾತ್ರ ಯಾರೂ ಯಾವತ್ತೂ ಕೊರತೆ ಹೇಳಲಿಲ್ಲ.

ನಲವತ್ತು ದಾಟಿದ ಮೇಲೆ ಗಿರಿಜಾ ಇನ್ನು ತಟ್ಟೆ ಹಿಡಿದು ನಿಲ್ಲುವುದಿಲ್ಲ ಎಂದಳು. ಲಗ್ನ ಬೇಡವೇ ಎಂದು ಅವ್ವ ಕೇಳಿದಳು. ಬೇಡ ಅಂತ ನಾನು ಎಲ್ಲಿ ಹೇಳಿದೆ ಎಂದು ಗಿರಿಜಾ ತಿರುಗಿ ಕೇಳಿದಳು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು ತನ್ನ ಷರತ್ತು ಹೇಳಿದಳು.

"ಒಂದ್ ತಾಸಿನ್ಯಾಗ ಯಾರೂ ಯಾರಿಗೂ ತಿಳಿಯಂಗಿಲ್ಲಣ್ಣಾ. ಹೊತ್ತ ಮುಳುಗೂ ಮುಂದ ಕೂಡಿರಬೇಕು, ಹೊತ್ತ ಹೊಂಡೂ ಮುಂದನೂ ಇರಬೇಕು. ಹಸದಾಗ ಅಂವ ಹ್ಯಾಂಗ ಮಾತಾಡತಾನ, ಎದ್ದ ಕೂಡ್ಲೆ ಮಾರಿ ಹ್ಯಾಂಗ ಮಾಡತಾನ, ಅದನ್ನ ನೋಡಬೇಕು ನಾ."

ಇದು ಯಾರ ಮನೆಯಲ್ಲೂ ಆಗುವ ಕೆಲಸವಲ್ಲ. ನಮ್ಮ ಮನೆಯಲ್ಲಿ ಇಟ್ಟುಕೊಂಡರೆ ಓಣಿ ಮಾತಾಡುತ್ತದೆ, ಅವರ ಮನೆಗೆ ಹೋದರೆ ಎರಡು ಓಣಿಗಳು ಮಾತಾಡುತ್ತವೆ. ಆಗ ನನಗೆ ಕಲಘಟಗಿಯ ಆಚೆ ಬೇಡ್ತಿ ನದಿಯ ದಂಡೆಯಲ್ಲಿ ಒಂದು ಉದ್ಯಾನ ಇರುವುದು ನೆನಪಾಯಿತು. ಅಲ್ಲಿ ಟೆಂಟು ಹೊಡೆಯಲು ಜಾಗ ಕೊಡುತ್ತಾರೆ, ಹತ್ತಿರದಲ್ಲೇ ನೀರಿನ ಬುಗ್ಗಿ ಇದೆ ಎಂದು ಯಾರೋ ಹೇಳಿದ್ದರು. ನಾನು ನವಲಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಸ್ಕೌಟಿನ ಜವಾಬ್ದಾರಿಯೂ ನನ್ನದೇ, ಯಾಕೆಂದರೆ ಶಾಲೆಯಲ್ಲಿ ಸೀಟಿ ಇದ್ದದ್ದು ನನ್ನ ಹತ್ತಿರ ಮಾತ್ರ. ಟೆಂಟು ಹೊಡೆಯುವ ವಿದ್ಯೆ ನನಗೆ ಗೊತ್ತಿರಬೇಕೆಂದು ಮನೆಯವರೆಲ್ಲ ತಿಳಿದರು. ನಾನೂ ಹಾಗೇ ತಿಳಿದೆ.

ಆ ಹೊತ್ತಿಗೆ ಬಂದಿದ್ದ ಸಂಬಂಧ ಸಂಶಿಯದು. ಶಿವಾನಂದ ಎಂದು, ಬೀಜ-ಗೊಬ್ಬರದ ಅಂಗಡಿ ಇಟ್ಟವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮನೆ ನೋಡಿಕೊಳ್ಳುತ್ತಿದ್ದವರು ಅವರ ಅಕ್ಕ ಗಂಗಕ್ಕ. ಮಾತೆಲ್ಲ ಗಂಗಕ್ಕನ ಜೊತೆಗೇ. ಅಳುಕುತ್ತಲೇ ಫೋನಿನಲ್ಲಿ ತಂಗಿಯ ಷರತ್ತು ಹೇಳಿದೆ. ಸಂಬಂಧ ಮುರಿಯಿತು ಎಂದುಕೊಂಡೆ. ಗಂಗಕ್ಕ ಮಾತ್ರ, ಅಲ್ಲಿ ಊಟದ ವ್ಯವಸ್ಥೆ ಹ್ಯಾಂಗ ಎಂದು ಕೇಳಿದರು.

ಅವ್ವನನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. ಮನೆ ಇದ್ದವರು ಬಯಲಲ್ಲಿ ಯಾಕೆ ಮಲಗಬೇಕು ಎಂಬುದು ಅವಳ ಪ್ರಶ್ನೆ. ಕಡೆಗೆ ಅವಳು ಒಪ್ಪಿದ್ದು ಬುಗ್ಗಿಯ ಆಸೆಗೆ.

ಇಲ್ಲಿ ನಿಮಗೆ ನಮ್ಮ ಕಡೆಯ ನೀರಿನ ಮಾತು ಹೇಳಬೇಕು. ನಮ್ಮದು ಕರಿ ಎರೆಭೂಮಿ. ಅಗೆದರೆ ನೀರು ಬರುತ್ತದೆ, ಬಂದದ್ದು ಸವಳು. ಬೇಳೆ ಹಾಕಿದರೆ ಸಂಜೆಯವರೆಗೂ ಬೇಳೆಯಾಗಿಯೇ ಇರುತ್ತದೆ. ಕುಡಿಯಲು ಕೆರೆಯ ನೀರೇ ಗತಿ. ನನ್ನ ಬಾಲ್ಯವೆಲ್ಲ ಕೆರೆಗೆ ಕೊಡ ಹೊತ್ತು ಹೋಗಿ ಅರ್ಧ ಕೊಡ ತರುವುದರಲ್ಲಿ ಕಳೆಯಿತು. ಮಳೆಗಾಲದಲ್ಲಿ ಕಾಲಿಗೆ ಮೆತ್ತಿದ ಎರೆಮಣ್ಣು ನನ್ನಷ್ಟೇ ತೂಕವಾಗಿ, ಮನೆಗೆ ಬಂದದ್ದು ನಾನೋ ಹೊಲವೋ ಎಂದು ಅವ್ವ ಕೇಳುತ್ತಿದ್ದಳು. ಮನೆಗೆ ಬಂದವರ ಯೋಗ್ಯತೆ ನೋಡಿ ಕೆರೆ ನೀರೋ ಬಾವಿ ನೀರೋ ಎಂದು ಅವಳು ನಿಂತ ನಿಲುವಿನಲ್ಲೇ ತೀರ್ಮಾನಿಸುತ್ತಿದ್ದಳು. ನನ್ನ ಮಾವನವರಿಗೆ ಮೊದಲ ಸಲ ಬಾವಿ ನೀರು ಕೊಟ್ಟಿದ್ದಳು. ಸುಮಾ ಆ ಮಾತನ್ನು ಈಗಲೂ ತೆಗೆಯುತ್ತಾಳೆ.

ದೀಪಾವಳಿ ಕಳೆದ ಮೇಲಿನ ಒಂದು ಶನಿವಾರ ಬಾಡಿಗೆ ಗಾಡಿ ಮಾಡಿಕೊಂಡು ಹೊರಟೆವು. ಅವ್ವ ಯಮನೂರಿನ ದೇವರ ದಿಕ್ಕಿಗೆ ಕೈ ಮುಗಿದಳು. ಅವಳ ತೊಡೆಯ ಮೇಲೆ ಸುತ್ತಿಟ್ಟ ಜಮಖಾನೆ. ಟೆಂಟಿನೊಳಗೆ ಹಾಸುವುದಕ್ಕೆ ಬೇರೆ ಹಾಸಿಗೆ ಇದೆ ಎಂದರೂ ಕೇಳಿರಲಿಲ್ಲ. ಕಲಘಟಗಿ ಬಂದಾಗ ರಸ್ತೆಯ ಬದಿಗೆ ಬಣ್ಣದ ತೊಟ್ಟಿಲುಗಳನ್ನು ಮಾರಾಟಕ್ಕೆ ಇಟ್ಟಿದ್ದರು. ಕಲಘಟಗಿಯ ತೊಟ್ಟಿಲು ಗೊತ್ತಲ್ಲ ನಿಮಗೆ. ನಾವೆಲ್ಲ ರಸ್ತೆಯ ಇನ್ನೊಂದು ಬದಿಯನ್ನು ನೋಡುತ್ತ ಕೂತೆವು. ಆ ಬದಿಗೆ ಒಂದು ಪಂಕ್ಚರ್ ಅಂಗಡಿಯಿತ್ತು. ಗಿರಿಜಾ ಒಬ್ಬಳೇ ತೊಟ್ಟಿಲುಗಳನ್ನು ಸಮಾಧಾನವಾಗಿ ನೋಡಿ, ಬಣ್ಣ ಚಲೋ ಹಚ್ಯಾರ ಎಂದಳು.

ಉದ್ಯಾನ ಚೆನ್ನಾಗಿತ್ತು. ಒಂದು ಸಿಮೆಂಟಿನ ಜಿಂಕೆ, ಕೆಲವು ಕಲ್ಲುಬೆಂಚುಗಳು, ಕೆಳಗೆ ಸದ್ದಿಲ್ಲದೆ ಹರಿಯುವ ಬೇಡ್ತಿ. ನಾವು ಹೋಗುವ ಹೊತ್ತಿಗೆ ಸಂಶಿಯವರು ಬಂದು ಜಿಂಕೆಯ ಹತ್ತಿರ ನಿಂತಿದ್ದರು. ಶಿವಾನಂದರು ಗಿರಿಜಾಳಿಗಿಂತ ಒಂದೆರಡು ಬೆರಳು ಗಿಡ್ಡ. ಇದನ್ನು ಎಲ್ಲರೂ ಒಮ್ಮೆಲೇ ನೋಡಿದೆವು, ಆಮೇಲೆ ಯಾರೂ ನೋಡಲಿಲ್ಲ. ಗಂಗಕ್ಕ ದಪ್ಪ ಕನ್ನಡಕದ, ಗಟ್ಟಿ ಧ್ವನಿಯ ಹೆಂಗಸು. ಮುಂದಿನ ಒಂದು ತಾಸು ಅವರೇ ಮಾತಾಡಿದರು. ತಮ್ಮನಿಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ, ಯಾವ ಕೈಗೆ ನೋವು, ಎಲ್ಲ ಹೇಳಿದರು. ಶಿವಾನಂದರು ತಾವೂ ಹೊಸದಾಗಿ ಕೇಳುವವರಂತೆ ತಲೆಯಾಡಿಸುತ್ತಿದ್ದರು.

ನಾನು ಹೊಸದಾಗಿ ಕೊಂಡ ಟೆಂಟು ತೆಗೆದೆ. ಅದರ ಜೊತೆಗೆ ಬಂದ ಚಿತ್ರದಲ್ಲಿ ಒಬ್ಬ ಮನುಷ್ಯ ನಗುತ್ತ ಕಡ್ಡಿ ಬಾಗಿಸುತ್ತಿದ್ದ. ಕಡ್ಡಿ ಬಾಗಿತು, ನಗು ಬರಲಿಲ್ಲ. ಶಿವಾನಂದರು ಹತ್ತಿರ ಬಂದು, ನಾ ಹಿಡೀಲೇನ್ರಿ ಎಂದು ಇನ್ನೊಂದು ತುದಿ ಹಿಡಿದರು. ನಾನು ಎಳೆದ ಕಡೆಗೆ ಎಳೆದರು, ಬಿಟ್ಟಾಗ ಬಿಟ್ಟರು. ಟೆಂಟು ಎದ್ದು ನಿಂತಾಗ ಅದರ ಬಾಗಿಲು ಮುಳ್ಳುಬೇಲಿಯ ಕಡೆಗಿತ್ತು. ಮೊದಲೇ ತಿಳಿದಿತ್ತೇ ಎಂದು ಕೇಳಿದೆ. ತಿಳಿದಿತ್ತು, ನೀವು ಮಾಸ್ತರರು, ಹ್ಯಾಂಗ ಹೇಳೂದು ಅಂತ ಬಿಟ್ಟೆ ಎಂದರು. ಗಿರಿಜಾ ಕಲ್ಲಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಅವಳ ಮುಖ ನೋಡಿ ನನಗೆ ಏನೂ ತಿಳಿಯಲಿಲ್ಲ. ರೋಗಿಯ ಜ್ವರ ನೋಡುವಾಗಲೂ ಅವಳ ಮುಖ ಹಾಗೇ ಇರುತ್ತದೆ.

ಬುಗ್ಗಿ ಇದ್ದದ್ದು ಉದ್ಯಾನದ ಹಿಂದೆ, ಒಂದು ಅತ್ತಿಮರದ ಬುಡದಲ್ಲಿ. ಬಂಡೆಯ ಸೀಳಿನಿಂದ ನೀರು ತಾನಾಗಿ ಉಕ್ಕಿ, ಸಣ್ಣ ಹೊಂಡ ತುಂಬಿ, ನದಿಗೆ ಇಳಿದು ಹೋಗುತ್ತಿತ್ತು. ಅವ್ವನನ್ನು ಕೈ ಹಿಡಿದು ಕರೆದುಕೊಂಡು ಹೋದೆ. ಅವಳು ಬಹಳ ಹೊತ್ತು ನೋಡಿದಳು.

"ಯಾರರ ನಳ ಬಂದ್ ಮಾಡ್ರಿ. ಸುಮ್ನ ಹರದ ಹೊಂಟೈತಿ," ಎಂದಳು.

ಇದಕ್ಕೆ ನಳ ಇಲ್ಲ ಎಂದು ವಿವರಿಸಿದೆ. ಹಾಗಾದರೆ ರಾತ್ರಿ ಹೇಗೆ ಎಂದಳು. ರಾತ್ರಿಯೂ ಹೀಗೇ ಎಂದೆ. ಬೊಗಸೆಯಲ್ಲಿ ತುಂಬಿ ಕುಡಿದಳು, ಇನ್ನೊಮ್ಮೆ ಕುಡಿದಳು, ಆಮೇಲೆ ಕೊರಳಿನ ಲಿಂಗವನ್ನು ಮುಟ್ಟಿಕೊಂಡಳು. ಅಷ್ಟು ವರ್ಷ ಕೊಡ ಹೊತ್ತವಳಿಗೆ ಅದು ಅನ್ಯಾಯದಂತೆ ಕಂಡಿರಬೇಕು.

ಸಂಜೆ ಅಡಿಗೆಗೆ ನೀರು ಬೇಕಾಯಿತು. ಶಿವಾನಂದರು ಕ್ಯಾನು ತೆಗೆದುಕೊಂಡು ಬುಗ್ಗಿಗೆ ಹೋದರು, ಹೋದವರು ಬರಲಿಲ್ಲ. ಸುಮಾ ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿ ಕೂತಿದ್ದಳು. ಟೆಂಟಿನೊಳಗೆ ಅವ್ವನೂ ಗಂಗಕ್ಕನೂ ಜಮಖಾನೆಯ ಮೇಲೆ ಕಾಲು ಚಾಚಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಟೆಂಟಿಗೆ ಗೋಡೆ ಇರುತ್ತದೆ, ಆದರೆ ಅದು ಮಾತಿಗೆ ಆಗುವಂಥ ಗೋಡೆಯಲ್ಲ. ನಿಮ್ಮ ಯಜಮಾನರು ಎಲ್ಲಿರತಾರ ಎಂದು ಅವ್ವ ಕೇಳಿದ್ದು ನನಗೆ ಹೊರಗೆ ಕೇಳಿಸಿತು. ಗಂಗಕ್ಕನ ಗಟ್ಟಿ ಧ್ವನಿ ಒಮ್ಮೆಲೇ ಸಣ್ಣದಾಯಿತು. ಕುಂದಗೋಳದ ಆಚೆ ಒಂದು ಹಳ್ಳಿಯಲ್ಲಿ ಅವರದು ಹೊಲಮನೆ. ತಮ್ಮನ ಹೆಂಡತಿಯ ದಿನಕರ್ಮಕ್ಕೆ ಎಂದು ಸಂಶಿಗೆ ಬಂದವರು, ತಾಯಿಯಿಲ್ಲದ ಹುಡುಗಿಯ ಮುಖ ನೋಡಿ ಉಳಿದುಬಿಟ್ಟರು. ಮಕ್ಕಳಿಲ್ಲದ ಗಂಡ ಅಲ್ಲಿ ಒಬ್ಬರೇ ರೊಟ್ಟಿ ಬಡಿದುಕೊಂಡು ಇದ್ದಾರೆ. ಹಬ್ಬಕ್ಕೆ ಬೀಗರ ಹಾಗೆ ಚೀಲ ಹಿಡಿದು ಸಂಶಿಗೆ ಬರುತ್ತಾರೆ, ಹಬ್ಬ ಮುಗಿದ ಮರುದಿನ ಹೋಗುತ್ತಾರೆ. ಬಾ ಎಂದು ಒಮ್ಮೆಯೂ ಕರೆದಿಲ್ಲ. ಕರೆದರೆ ಅಕ್ಕತಮ್ಮರ ನಡುವೆ ಕಷ್ಟವಾದೀತೆಂದು ಕರೆದಿಲ್ಲ. ಇಷ್ಟು ಹೇಳಿ ಗಂಗಕ್ಕ ಸುಣ್ಣದ ಡಬ್ಬಿ ಕೇಳಿದರು.

ಈ ನಡುವೆ ಗಿರಿಜಾ ಎದ್ದು, ನೀರು ತರಲು ಹೋದವರನ್ನು ನೋಡಿ ಬರುತ್ತೇನೆ ಎಂದು ಬುಗ್ಗಿಯ ಕಡೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು ಅವ್ವನ ಪೂಜೆಗೆ ನೀರು ಬೇಕೆಂದು ನಾನೂ ತಂಬಿಗೆ ಹಿಡಿದು ಹೊರಟೆ. ಅತ್ತಿಮರದ ಹತ್ತಿರ ಹೋಗಿ ನೋಡಿದರೆ ಶಿವಾನಂದರು ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದರು. ಊರಿನ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಮೊದಲು ಬಂದ ಮುದುಕಿಯೊಬ್ಬಳು ಒಂದು ಕೊಡ ತುಂಬಿ ಕೊಡಪ್ಪಾ ಎಂದಿರಬೇಕು. ಅವಳ ಹಿಂದಿನವರು ಅವರನ್ನು ಅಲ್ಲಿಯ ಕೆಲಸದವರೆಂದು ತಿಳಿದಿದ್ದಾರೆ. ಇವರು ತುಂಬಿ ಕೊಡುತ್ತಲೇ ಇದ್ದಾರೆ. ನಮ್ಮ ಕ್ಯಾನು ದಂಡೆಯ ಮೇಲೆ ಖಾಲಿ ಬಿದ್ದಿತ್ತು. ಗಿರಿಜಾ ಬಂಡೆಯ ಮೇಲೆ ಕೂತು, ಗಲ್ಲಕ್ಕೆ ಕೈ ಕೊಟ್ಟು, ಆ ಸಾಲು ಮುಗಿಯುವವರೆಗೆ ನೋಡಿದಳು. ನಾನು ಮರದ ಈಚೆ ನಿಂತೆ. ನಿಲ್ಲಬಾರದಿತ್ತು, ಆದರೆ ತಂಬಿಗೆ ತುಂಬಿಸದೆ ಹೋಗುವ ಹಾಗೂ ಇರಲಿಲ್ಲ.

ಕೊನೆಯ ಕೊಡ ಹೋದ ಮೇಲೆ ಗಿರಿಜಾ ಕೇಳಿದಳು: "ನೀವು ಇಲ್ಲಿಗೆ ಬಂದದ್ದು ನಿಮ್ಮ ಮನಸಿಂದನೋ, ಅಕ್ಕಾರು ಹೇಳಿದ್ರಂತನೋ?"

ಶಿವಾನಂದರು ಕೈ ಒರೆಸಿಕೊಂಡರು. "ಅಕ್ಕ ಹೇಳಿದ್ಲಂತ ಬಂದೆರಿ. ಬಂದ ಮ್ಯಾಲ ಹೋಗೂ ಮನಸ ಇಲ್ರಿ," ಎಂದರು.

"ನಿಮಗ ಯಾರಿಗೂ ಇಲ್ಲ ಅನ್ನಾಕ ಬರೂದಿಲ್ಲೇನು?"

ರೂಢಿಯಿಲ್ಲ ಎಂದು ಅವರು ಒಪ್ಪಿಕೊಂಡರು. ಅಂಗಡಿಯಲ್ಲಿ ಉದ್ರಿ ಕೇಳಿದವರಿಗೂ ಹಾಗೇ, ಮನೆಯಲ್ಲಿ ಅಕ್ಕನಿಗೂ ಹಾಗೇ. ಗಿರಿಜಾ ಎದ್ದು ನಿಂತಳು.

"ಹಂಗಾದ್ರ ನಾಳೆ ನನಗೂ ಎಲ್ಲಾದಕ್ಕೂ ಹೂಂ ಅಂತೀರಿ. ಹೂಂ ಅಂದದ್ದು ಖರೇನೋ ಸುಳ್ಳೋ ನನಗ ತಿಳಿಯಂಗಿಲ್ಲ."

ಈ ಹೊತ್ತಿಗೆ ಒಂದು ಕೆಂಪಿರುವೆ ನನ್ನ ಕಾಲಿನಲ್ಲಿ ಕೆಲಸ ಶುರು ಮಾಡಿತು. ಬಗ್ಗಿ ಅದನ್ನು ತೆಗೆಯುವುದರಲ್ಲಿ ಮುಂದಿನ ಮಾತು ಕೇಳಿಸಲಿಲ್ಲ. ತಲೆ ಎತ್ತಿದಾಗ ಶಿವಾನಂದರು ಗಿರಿಜಾಳ ಎದುರಿಗೆ ನೆಟ್ಟಗೆ ನಿಂತು, ಗಟ್ಟಿಯಾಗಿ, ಸ್ಪಷ್ಟವಾಗಿ "ಇಲ್ಲ" ಎಂದರು. ಗಿರಿಜಾ ತಲೆ ತಗ್ಗಿಸಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಎಷ್ಟೋ ವರ್ಷಗಳಿಂದ ಆ ಮಾತು ಪತ್ರದಲ್ಲೋ ಫೋನಿನಲ್ಲೋ ಬರುತ್ತಿತ್ತು, ನಾನೇ ಒಡೆದು, ಮೆತ್ತಗೆ ಮಾಡಿ ಅವಳಿಗೆ ಹೇಳುತ್ತಿದ್ದೆ. ಈ ಸಲ ಅವಳೇ ನಿಂತು ಕೇಳಿದಳು. ಖಾಲಿ ತಂಬಿಗೆ ಹಿಡಿದು ವಾಪಸು ಬಂದು, ವರನ ಕಡೆಯಿಂದ ಇಲ್ಲ ಎಂದು ಹೇಳಿದ್ದಾಯಿತು, ಸಾಮಾನು ಕಟ್ಟೋಣ ಎಂದೆ.

ಸುಮಾ ಒಲೆಗೆ ನೀರು ಹಾಕಲು ಹೋದಳು, ನೀರು ಇರಲಿಲ್ಲ. ಗಂಗಕ್ಕ ಸಿಟ್ಟಾಗುತ್ತಾರೆ, ತಮ್ಮನನ್ನು ಬೈಯುತ್ತಾರೆ ಎಂದು ನಾನು ಕಾದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು.

"ಹಂಗಾರ ನಾ ಇನ್ನ ಮನಿಗೆ ಹೋಗೂದು ಆಗಲಿಲ್ಲ ಬಿಡ್ರಿ," ಎಂದರು.

ಅವ್ವ ಅವರ ಕೈ ಹಿಡಿದುಕೊಂಡಳು. ಇಬ್ಬರೂ ಜಮಖಾನೆಯ ಮೇಲೆ ಹಾಗೇ ಕೂತರು. ಟೆಂಟು ಬಿಚ್ಚುವುದು ಹೊಡೆಯುವುದಕ್ಕಿಂತ ಸುಲಭ ಎಂದು ತಿಳಿದು ನಾನು ಒಂದು ಗೂಟ ಕಿತ್ತೆ. ಇಡೀ ಟೆಂಟು ಅವರಿಬ್ಬರ ಮೇಲೆ ನಿಧಾನವಾಗಿ ಕೂತಿತು. ಒಳಗಿನಿಂದ ಯಾರೂ ಕೂಗಲಿಲ್ಲ. ದುಃಖದಲ್ಲಿರುವವರಿಗೆ ಅದು ಟೆಂಟಿನ ರೂಢಿಯೇ ಇರಬೇಕು ಎನಿಸಿತೋ ಏನೋ.

ಅದೇ ಹೊತ್ತಿಗೆ ಗಿರಿಜಾ ಮತ್ತು ಶಿವಾನಂದರು ತುಂಬಿದ ಕ್ಯಾನಿನ ಹಿಡಿಕೆಯನ್ನು ಒಂದೊಂದು ಕಡೆ ಹಿಡಿದು ಬಂದರು. ಇಬ್ಬರ ಎತ್ತರ ಹೊಂದದೆ ಕ್ಯಾನು ಸ್ವಲ್ಪ ವಾಲಿತ್ತು. ಅವ್ವ ಎಲ್ಲಿ ಎಂದು ಗಿರಿಜಾ ಕೇಳಿದಳು. ನಾನು ಟೆಂಟಿನ ಕಡೆ ತೋರಿಸಿ, ನಡೆದದ್ದು ಹೇಳಿದೆ. ಅವಳು ಕ್ಯಾನು ಕೆಳಗಿಟ್ಟಳು.

"ಅಯ್ಯ ಅಣ್ಣಾ, ಅದು ನಾನ ಅನ್ನಿಸಿದ್ದು. ನನ್ನ ಮಾರಿ ನೋಡಿ ಒಮ್ಮೆ ಇಲ್ಲ ಅನ್ರಿ ನೋಡೂಣು ಅಂದೆ. ಒಂದ್ ಇಲ್ಲ ಅನ್ನಾಕ ಅವರಿಗೆ ಭಾಳ ತ್ರಾಸಾತು."

ತಲೆ ತಗ್ಗಿಸಿದ್ದು ನಗು ತಡೆಯಲಿಕ್ಕಂತೆ. ಆಮೇಲೆ ಎಲ್ಲರೂ ಕೂಡಿ ಟೆಂಟನ್ನು ಎತ್ತಿ ಇಬ್ಬರು ಹಿರಿಯರನ್ನು ಹೊರಗೆ ತೆಗೆದೆವು. ಮತ್ತೆ ಹೊಡೆಯುವಾಗ ಶಿವಾನಂದರು, ಬಾಗಲಾ ಈ ಕಡೆ ಇರ್ಲಿ ಮಾಸ್ತರ್ರ ಎಂದರು. ಸಣ್ಣ ಧ್ವನಿಯಲ್ಲೇ ಎಂದರು, ಆದರೂ ಎಂದರು. ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯದ ಊಟವಾಯಿತು. ಆ ನೀರಿನಲ್ಲಿ ಬೇಳೆ ಎಷ್ಟು ಬೇಗ ಬೆಂದಿತೆಂದರೆ ಸುಮಾಗೆ ಗಾಬರಿಯಾಯಿತು. ರಾತ್ರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಹೆಂಗಸರು ಟೆಂಟಿನಲ್ಲಿ ಮಲಗಿದರು, ಶಿವಾನಂದರು ಮತ್ತು ನಾನು ಕಲ್ಲುಬೆಂಚುಗಳ ಮೇಲೆ. ಗಾಡಿಯ ಡ್ರೈವರು ಗಾಡಿಯಲ್ಲೇ ಮಲಗಿದ. ನಮ್ಮೆಲ್ಲರಲ್ಲಿ ನಿದ್ದೆ ಬಂದದ್ದು ಅವನೊಬ್ಬನಿಗೆ.

ಬೆಳಿಗ್ಗೆ ಗಿರಿಜಾ ತನ್ನ ಮಾತಿನಂತೆ ಅವರ ಮುಖ ನೋಡಲು ಬೇಗ ಎದ್ದಳು. ಶಿವಾನಂದರು ಎದ್ದು ಕೂತಿದ್ದರು. ಮುಖ ಗಂಟು ಹಾಕಿತ್ತು, ಕೂದಲು ಒಂದೇ ಕಡೆ ನಿಂತಿತ್ತು. ನಾನು ನಮಸ್ಕಾರ ಹೇಳಿದರೆ ಉತ್ತರವಿಲ್ಲ. ಚಹಾ ಹೊಟ್ಟೆಗೆ ಹೋಗುವತನಕ ಅವರು ಯಾರ ಜೊತೆಗೂ ಮಾತಾಡುವುದಿಲ್ಲ ಎಂದು ಗಂಗಕ್ಕ ನಾಚಿಕೆಯಿಂದ ಹೇಳಿದರು. ಗಂಗಕ್ಕ ಹೇಳದೆ ಬಿಟ್ಟಿದ್ದ ಸಂಗತಿ ಇದೊಂದೇ. ಈಗ ಮುಗಿಯಿತು ಎಂದು ನಾನು ಗಿರಿಜಾಳ ಕಡೆ ನೋಡಿದೆ. ಅವಳೂ ಚಹಾ ಕುಡಿಯುವವರೆಗೆ ಮಾತಾಡುವವಳಲ್ಲ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತಿದ್ದೂ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಸುಮಾ ಇಬ್ಬರ ಕೈಗೂ ಲೋಟ ಕೊಟ್ಟಳು. ಅವರು ಎರಡು ಕಲ್ಲುಗಳ ಮೇಲೆ, ಒಬ್ಬರನ್ನೊಬ್ಬರು ನೋಡದೆ, ನದಿಯ ಕಡೆ ಮುಖ ಮಾಡಿ, ಪೂರ್ತಿ ಮೌನವಾಗಿ ಚಹಾ ಕುಡಿದರು. ಅಷ್ಟು ನೆಮ್ಮದಿಯ ಮೌನವನ್ನು ನಾನು ನನ್ನ ಮನೆಯಲ್ಲಿ ನೋಡಿಲ್ಲ. ಸುಮಾ ನನ್ನ ಕಿವಿಯಲ್ಲಿ, ಆತ್ ಬಿಡ್ರಿ, ಇನ್ನ ಮುಹೂರ್ತ ನೋಡಸ್ರಿ ಎಂದಳು.

ಲೋಟ ಕೆಳಗಿಟ್ಟು ಗಿರಿಜಾ ಒಪ್ಪಿಗೆ ಎಂದಳು. ಗಂಗಕ್ಕ ಒಡನೆಯೇ ಮುಂದಿನದೆಲ್ಲ ಜೋಡಿಸತೊಡಗಿದರು. ಗಿರಿಜಾ ನೌಕರಿ ಬಿಟ್ಟರಾಯಿತು, ಅಂಗಡಿ ಚೆನ್ನಾಗಿ ನಡೆಯುತ್ತದೆ, ಮನೆಯಲ್ಲಿ ಏನೂ ಕಡಿಮೆಯಿಲ್ಲ. ಗಿರಿಜಾ ಬಾಯಿ ತೆರೆಯುವ ಮೊದಲೇ ಶಿವಾನಂದರು ಮಾತಾಡಿದರು.

"ಇಲ್ಲಕ್ಕಾ. ಅವರು ನೌಕರಿ ಬಿಡೂದಿಲ್ಲ. ಅಣ್ಣಿಗೇರಿಗೆ ನಾ ಹೋಗಿ ಬಂದು ಮಾಡತೀನಿ. ಹುಬ್ಬಳ್ಳಿಯೊಳಗ ರೈಲು ಬದಲಿ ಮಾಡಿದ್ರ ಆತು."

ಶಿವಾನಂದರು ತಮ್ಮ ಮಾತನ್ನು ತಾವೇ ಕೇಳಿಸಿಕೊಳ್ಳುವವರಂತೆ ನಿಂತು, ಮತ್ತೆ ಹೇಳಿದರು.

"ನೀನೂ ಇನ್ನ ಊರಿಗೆ ಹೋಗಬೇಕು. ಮಾವ ಅಲ್ಲಿ ಭಾಳ ವರ್ಷ ಒಬ್ರ ಇದ್ರು. ನಾನ ಹೇಳಬೇಕಿತ್ತು, ಹೇಳಲಿಲ್ಲ."

ಗಂಗಕ್ಕ ತಮ್ಮನನ್ನೂ ಗಿರಿಜಾಳನ್ನೂ ನೋಡಿದರು. ಒಂದ್ ಸಂಜಿಯೊಳಗ ಕಲಿಸಿಬಿಟ್ಟಿ ಏನವಾ ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಚಹಾದ ಪಾತ್ರೆ ತೊಳೆಯುತ್ತೇನೆಂದು ಬುಗ್ಗಿಗೆ ಹೋದವರು, ಪಾತ್ರೆ ಸಣ್ಣದಿದ್ದರೂ ಬಹಳ ಹೊತ್ತು ತೊಳೆದರು. ಹೋಗಿ ಕರೆಯಲೇ ಎಂದು ಕೇಳಿದರೆ ಅವ್ವ ಬೇಡ ಎಂದಳು.

ಲಗ್ನ ಸರಳವಾಗಿ ಆಯಿತು. ಶಿವಾನಂದರ ಮಗಳು ಧಾರವಾಡದಿಂದ ಬಂದು, ಗಿರಿಜಾಳ ಪಕ್ಕದಲ್ಲಿ ನಿಂತು, ತನಗಿಂತ ಎತ್ತರದವರು ಮನೆಗೆ ಬಂದದ್ದು ಬಹಳ ಅನುಕೂಲ ಎಂದಳು. ಗಿರಿಜಾ ಅವಳ ಹೆಗಲ ಮೇಲೆ ಕೈ ಹಾಕಿದ್ದು ಫೋಟೊದಲ್ಲಿ ಬಂದಿದೆ, ಫೋಟೊ ತೆಗೆದು ಮುಗಿದ ಮೇಲೂ ಆ ಕೈ ಅಲ್ಲೇ ಇತ್ತು.

ಗಂಗಕ್ಕ ಊರಿಗೆ ಹೋದರು. ಕೆಲವು ತಿಂಗಳ ಮೇಲೆ ಅವ್ವನನ್ನು ನೋಡಲು ನವಲಗುಂದಕ್ಕೆ ಬಂದಿದ್ದರು. ಅವರು ಕೇಳುವ ಮೊದಲೇ ಅವ್ವ ಕೆರೆ ನೀರು ಕೊಟ್ಟಳು. ಊರಿಗೆ ಹೋದ ದಿನ ಏನಾಯಿತು ಎಂದು ಕೇಳಿದ್ದಕ್ಕೆ ಗಂಗಕ್ಕ ಹೇಳಿದರು. ಗಂಡ ಕಟ್ಟೆಯ ಮೇಲೆ ಕೂತಿದ್ದರು. ಬಂದ್ಯಾ ಎಂದರು. ಬಂದೆ ಎಂದು ಇವರು ಚೀಲ ಹಿಡಿದು ನೇರ ಅಡಿಗೆಮನೆಗೆ ಹೋದರು. ಅಲ್ಲಿ ಒಂದು ಡಬ್ಬಿಯೂ ತಾವು ಇಟ್ಟ ಜಾಗದಲ್ಲಿರಲಿಲ್ಲ. ಗಂಡ ತಮಗೆ ಅನುಕೂಲವಾದಂತೆ ಎಲ್ಲವನ್ನೂ ಬೇರೆ ಮಾಡಿಕೊಂಡಿದ್ದರು. ಗಂಗಕ್ಕ ಏನನ್ನೂ ಕದಲಿಸಲಿಲ್ಲ. ಬಾಗಿಲಿಗೆ ಬಂದು, ಉಪ್ಪು ಎಲ್ಲಿ ಇಟ್ಟೀರಿ ಎಂದು ಕೇಳಿದರು.

"ಎದ್ದು ಬಂದ್ರವಾ," ಎಂದು ಗಂಗಕ್ಕ ಅವ್ವನಿಗೆ ಹೇಳಿದರು. "ಇದು ಉಪ್ಪು, ಇದು ಖಾರ, ಇದು ಸಾಸಿವಿ ಅಂತ ಒಂದೊಂದ ಡಬ್ಬಿ ಮುಚ್ಚಳಾ ತಗದು ತೋರಿಸಿದ್ರು. ಹೊಸಾ ಸೊಸಿಗೆ ತೋರಿಸಿದಂಗ."